ಇಪ್ಪತ್ತೈದು ಷೇರಿನ ಪಾದಪೂಜೆ

ಒಂದು ಸಾವಿರದ ಐವತ್ತು ರೂಪಾಯಿ ಕೊಟ್ಟು ಒಂದು ಕಾರ್ಖಾನೆಗೆ ಮಾಲಕರಾದವರು ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ವಿದ್ಯಾನಗರದ ಓಣಿಯ ಮಹಾಂತಯ್ಯನವರು. ಕೊಡಿಸಿದವನು ನಾನು. ಆದ್ದರಿಂದ ಮುಂದೆ ನಡೆದದ್ದರಲ್ಲಿ ಪಾಪವೇನಾದರೂ ಇದ್ದರೆ ಅದರಲ್ಲಿ ಅರ್ಧ ನನ್ನದು. ಪುಣ್ಯ ಮಾತ್ರ ಪೂರ್ತಿ ಅವರದೇ.

ಮಹಾಂತಯ್ಯನವರು ಅಮರಗೋಳದ ಕಾಳಿನ ಮಾರ್ಕೆಟ್ಟಿನಲ್ಲಿ, ಒಂದೇ ದಲಾಲಿ ಅಂಗಡಿಯಲ್ಲಿ, ಮೂವತ್ನಾಲ್ಕು ವರ್ಷ ಮಾಲು ನೋಡುವ ಕೆಲಸ ಮಾಡಿದವರು. ಮಾಲು ನೋಡುವುದೆಂದರೆ ಕಣ್ಣಿನಿಂದಲ್ಲ, ಹಲ್ಲಿನಿಂದ. ಚೀಲದ ತಳದವರೆಗೆ ಕೈ ತೂರಿಸಿ ನಾಲ್ಕು ಕಾಳು ತೆಗೆಯುವುದು, ಒಂದನ್ನು ಬಾಯಿಗೆ ಹಾಕಿ ಕಡಿಯುವುದು, ಆ ಸದ್ದು ಕೇಳಿ ಈ ಮಾಲಿನಲ್ಲಿ ತೇವ ನೂರಕ್ಕೆ ಇಷ್ಟು ಎಂದು ಹೇಳುವುದು. ಅವರು ಹೇಳಿದ ಮೇಲೆ ರೈತನೂ ಸುಮ್ಮನಾಗುತ್ತಿದ್ದ, ಖರೀದಿದಾರನೂ ಸುಮ್ಮನಾಗುತ್ತಿದ್ದ. ಈ ಹಲ್ಲುಗಳನ್ನು ಕಾಯ್ದುಕೊಳ್ಳಲು ಅವರು ಜೀವಮಾನದಲ್ಲಿ ಒಂದು ಹೋಳು ಅಡಿಕೆ ತಿಂದವರಲ್ಲ. ಓಣಿಯಲ್ಲಿ ಅವರ ವಯಸ್ಸಿನ ನಾವೆಲ್ಲ ಕಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವಾಗ ಅವರು ಎದುರಿಗೆ ಕೂತು ಹುರಿದ ಕಡಲೆ ಕಟಕಟ ಕಡಿಯುತ್ತಾರೆ. ಮತ್ಸರ ಪಡಬಾರದು ಎಂದುಕೊಂಡರೂ ಆಗುವುದಿಲ್ಲ.

ಅವರಿಗೆ ಒಂದು ನೇಮವಿದೆ: ಕಣ್ಣಿನಿಂದ ನೋಡದ, ಕೈಯಿಂದ ಮುಟ್ಟದ ಮಾಲು ಖರೀದಿ ಮಾಡಬಾರದು. ಮದುವೆಗೆ ಮೊದಲು ದಾಕ್ಷಾಯಿಣಿ ಅಕ್ಕನವರನ್ನೂ ಮೂರು ಸಲ ಹೋಗಿ ನೋಡಿ ಬಂದಿದ್ದರಂತೆ. ಇನ್ನೊಮ್ಮೆ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಅಕ್ಕನವರು ಒಳಗಿನಿಂದ ಹೇಳಿ ಕಳಿಸಿದ ಮೇಲೆಯೇ ವೀಳ್ಯವಾಯಿತಂತೆ.

ಇಂಥವರಿಗೆ ಷೇರು ಕೊಡಿಸುವ ಕರ್ಮ ನನಗೆ ಬಂತು. ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದ ಈ ಪರಮೇಶನಿಗೆ ಷೇರು ವ್ಯವಹಾರ ಗೊತ್ತು ಎಂಬುದು ನಮ್ಮ ಓಣಿಯ ನಂಬಿಕೆ. ಅದನ್ನು ಮುರಿಯುವ ಧೈರ್ಯ ನನಗೆ ಇಷ್ಟು ವರ್ಷವಾದರೂ ಬಂದಿಲ್ಲ. ಗೋವಿನಜೋಳದಿಂದ, ಅಂದರೆ ಮೆಕ್ಕೆಜೋಳದಿಂದ, ಎಥೆನಾಲ್ ತೆಗೆಯುತ್ತಾರೆ, ಅದನ್ನು ಪೆಟ್ರೋಲಿಗೆ ಬೆರೆಸುತ್ತಾರೆ ಎಂದು ಮಹಾಂತಯ್ಯನವರು ಎಲ್ಲೋ ಓದಿದ್ದರು. ತಾವು ಮೂವತ್ನಾಲ್ಕು ವರ್ಷ ಕಡಿದ ಕಾಳು ಈಗ ಗಾಡಿ ಓಡಿಸುತ್ತದೆ ಎಂದು ತಿಳಿದು ಅವರಿಗೆ ಬಹಳ ಅಭಿಮಾನವಾಗಿತ್ತು. ಧಾರವಾಡದ ಲಕಮನಹಳ್ಳಿಯಲ್ಲಿ ಬೆಣ್ಣಿಹಳ್ಳ ಬಯೋಫ್ಯೂಯಲ್ಸ್ ಎಂಬ ಸಣ್ಣ ಕಂಪನಿಯಿತ್ತು. ಷೇರಿಗೆ ನಲವತ್ತೆರಡು ರೂಪಾಯಿ. ಅವರ ಹೆಸರಿನಲ್ಲಿ ಖಾತೆ ತೆರೆದು, ನನ್ನ ಮೊಬೈಲಿನಲ್ಲೇ ಇಪ್ಪತ್ತೈದು ತೆಗೆದುಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಮೊಬೈಲನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಪರಮೇಶಪ್ಪ, ಇದು ಚೀಟಿ ಆತು," ಅಂದರು. "ಮಾಲ್ ಎಲ್ಲೈತಿ?"

ಮಾಲು ಅಂದರೆ ಕಾರ್ಖಾನೆ, ಅದರಲ್ಲಿ ನಿಮ್ಮದೂ ಒಂದು ಪಾಲು ಎಂದು ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ತಿಳಿದವನು ಅನ್ನಿಸಿಕೊಳ್ಳುವ ಚಪಲಕ್ಕೆ, ಕಾಯಿದೆಯ ಪ್ರಕಾರ ನೀವೂ ಒಬ್ಬ ಮಾಲಕರೇ ಎಂದೂ ಸೇರಿಸಿದೆ. ಅವರು ಮೊಬೈಲು ತಿರುಗಿ ಕೊಟ್ಟು, ಹಾಗಾದರೆ ನಾಳೆಯೇ ಹೋಗಿ ನೋಡಿ ಬರಬೇಕು ಎಂದು ಎದ್ದರು.

ಮನೆಯಲ್ಲಿ ದಾಕ್ಷಾಯಿಣಿ ಅಕ್ಕನವರು ಒಂದು ತಕರಾರು ತೆಗೆದರು. ಎಥೆನಾಲೆಂದರೆ ಸೆರೆಯ ಜಾತಿಯದೇ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಲಿಂಗ ಕಟ್ಟಿದ ಮನೆಗೆ ಇದೇನು ಬಂತು ಎಂದು ಕೇಳಿದರು. ಮಹಾಂತಯ್ಯನವರು ಶಾಂತವಾಗಿ, "ಇದನ್ನ ಗಾಡಿ ಕುಡೀತಾವ, ಮಂದಿ ಕುಡಿಯೂದಿಲ್ಲ," ಅಂದರು. ಅಕ್ಕನವರು ಒಪ್ಪಿದರು. ಹೊಸ ಎತ್ತು ತಂದರೂ ಪೂಜೆ, ಹೊಸ ಸ್ಕೂಟರ್ ತಂದರೂ ಪೂಜೆ, ಕಾರ್ಖಾನೆ ತಂದು ಸುಮ್ಮನಿರುವುದು ಹೇಗೆ ಎಂದು ಅವರೇ ಒಂದು ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ ಚೀಲಕ್ಕೆ ಹಾಕಿಕೊಟ್ಟರು. ಮಹಾಂತಯ್ಯನವರು ಹಣೆತುಂಬ ವಿಭೂತಿ ಹಚ್ಚಿ, ಒಗೆದ ಧೋತರ ಉಟ್ಟು, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿದರು.

ಆ ದಿನ ಕಾರ್ಖಾನೆಯಲ್ಲಿ ಏನಿತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನಾವು ಪಟ್ಟ ಪಾಡು ನಿಮಗೆ ಬೇಡ. ಆ ದಿನ ಅಲ್ಲಿ ಹೊಸ ಬಾಯ್ಲರಿಗೆ ಬೆಂಕಿ ಹಾಕುವ ಪೂಜೆ. ನಮ್ಮ ಕಡೆ ಇಂಥ ಕಾರ್ಯಕ್ಕೆ ಮಠದಿಂದ ಜಂಗಮರನ್ನು ಕರೆಸಿ, ಪಾದ ತೊಳೆದು, ಅವರ ಕೈಯಿಂದ ಕಾರ್ಯ ಮಾಡಿಸಿ, ಊಟ ಹಾಕಿ, ದಕ್ಷಿಣೆ ಕೊಟ್ಟು ಕಳಿಸುವುದು ಪದ್ಧತಿ. ಮ್ಯಾನೇಜರ್ ಶಶಿಕುಮಾರ ಗದಗ ಕಡೆಯ ಹುಡುಗ, ಭಕ್ತ, ಊರಿಗೆ ಹೊಸಬ. ಬರುವ ಜಂಗಮರ ಮುಖ ನೋಡಿದವನಲ್ಲ. ಹತ್ತು ಗಂಟೆಗೆ ವಿಭೂತಿ ಹಚ್ಚಿದ ಅಯ್ಯನವರೊಬ್ಬರು ಬರುತ್ತಾರೆ, ಮರ್ಯಾದೆಯಿಂದ ಒಳಗೆ ಕರೆದು ತಾ ಎಂದು ಗೇಟಿನ ಕಾವಲುಗಾರ ಹುಲಗೇಶನಿಗೆ ಹೇಳಿಟ್ಟಿದ್ದ.

ಹತ್ತಕ್ಕೆ ಐದು ನಿಮಿಷವಿರುವಾಗ ಗೇಟಿಗೆ ಬಂದದ್ದು ಮಹಾಂತಯ್ಯನವರು.

ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಳುಕು ಅವರಿಗಿತ್ತು. ಷೇರಿನ ಕಾಗದವನ್ನು ನನ್ನಿಂದ ಪ್ರಿಂಟ್ ತೆಗೆಸಿಕೊಂಡು ಹೋಗಿದ್ದರು. ಅದನ್ನು ಜೇಬಿನಿಂದ ತೆಗೆಯುವುದಕ್ಕೂ ಹುಲಗೇಶ ಅವಕಾಶ ಕೊಡಲಿಲ್ಲ. ಕಾಲಿಗೆ ಬಿದ್ದು, ಗೇಟು ಪೂರಾ ತೆರೆದು, "ಬರ್ರಿ ಅಜ್ಜಾರ, ನಿಮ್ಮ ಹಾದಿನ ಕಾಯಾಕತ್ತಾರ," ಎಂದು ಮುಂದೆ ನಡೆದ. ಮಹಾಂತಯ್ಯನವರು ಕಾಗದವನ್ನು ಮಡಚಿ ಒಳಗಿಟ್ಟರು. ನಿನ್ನೆ ಮಧ್ಯಾಹ್ನ ಖರೀದಿ ಮಾಡಿದ್ದು ಇಂದು ಬೆಳಿಗ್ಗೆ ಗೇಟಿಗೇ ತಿಳಿದಿದೆ ಎಂದಮೇಲೆ ಕಂಪನಿ ಬಹಳ ಶಿಸ್ತಿನದು ಎಂದು ಅವರಿಗೆ ಮೆಚ್ಚುಗೆಯಾಯಿತು.

ಒಳಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ಶಶಿಕುಮಾರ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮಂಡಿಯೂರಿ, ಹಿತ್ತಾಳೆ ತಟ್ಟೆಯಲ್ಲಿ ಅವರ ಪಾದಗಳನ್ನಿಟ್ಟು, ತಂಬಿಗೆಯಿಂದ ನೀರು ಹಾಕಿ ತೊಳೆದ. ಮಹಾಂತಯ್ಯನವರು ಹುಟ್ಟಿನಿಂದ ಜಂಗಮರೇ. ಆದರೆ ಅವರ ಅಜ್ಜನ ಕಾಲಕ್ಕೇ ಆ ಕಾಯಕ ಬಿಟ್ಟು ಮನೆತನವೇ ಮಾರ್ಕೆಟ್ಟು ಸೇರಿತ್ತು. ಮೂವತ್ನಾಲ್ಕು ವರ್ಷ ಮೊಣಕಾಲುಮಟ ಕಾಳಿನ ಧೂಳು ಮೆತ್ತಿದ ಆ ಕಾಲುಗಳನ್ನು ಬೇರೆಯವರ ಕೈ ಮುಟ್ಟಿದ್ದು ಅದೇ ಮೊದಲು. ಅವರ ಕಣ್ಣು ತುಂಬಿ ಬಂತು. ಬರೀ ಇಪ್ಪತ್ತೈದು ಷೇರಿಗೆ ಇಷ್ಟು ಮಾಡುತ್ತಾರಲ್ಲ, ನೂರು ತೆಗೆದುಕೊಂಡವರಿಗೆ ಏನು ಮಾಡಬಹುದು ಎಂದು ವಿಚಾರ ಬಂತಂತೆ.

ಬಾಯ್ಲರಿಗೆ ಬೆಂಕಿ ನೀವೇ ಹಾಕಬೇಕು ಅಂದರು. ಮಾಲಕರು ಹಾಕದೆ ಇನ್ನಾರು ಹಾಕಬೇಕು ಎಂದು ಇವರು ಹಾಕಿದರು. ತಿಳಿದಷ್ಟು ಮಂತ್ರ ಹೇಳಿದರು, ತಿಳಿಯದ ಕಡೆ ಓಂ ನಮಃ ಶಿವಾಯ ಹೇಳಿದರು. ಮನೆಯಿಂದ ತಂದ ಕಾಯಿಯನ್ನೇ ಒಡೆದರು. ಬಾಯ್ಲರು ಗುಡುಗುಡು ಅಂದಿತು, ಎಲ್ಲರೂ ಕೈ ಮುಗಿದರು. ಆಮೇಲೆ ಹೋಳಿಗೆ ಊಟ. ಊಟವಾದ ಮೇಲೆ ಒಂದು ಶಾಲು, ಎಲೆ ಅಡಿಕೆಯಲ್ಲಿ ಐನೂರಾ ಒಂದು ರೂಪಾಯಿ.

ಮಹಾಂತಯ್ಯನವರು ವ್ಯವಹಾರದಲ್ಲಿ ಖಡಾಖಡಿ ಮನುಷ್ಯ. ಇದು ಎಲ್ಲರಿಗೂ ಇದೆಯೋ ತಮಗೊಬ್ಬರಿಗೋ ಎಂದು ಕೇಳಿದರು.

"ಬಂದವರನ್ನ ಬರೀ ಕೈಲೆ ಕಳಸಾಕ ಆಗತೈತೇನ್ರಿ ಅಜ್ಜಾರ," ಅಂದ ಶಶಿಕುಮಾರ. "ವರ್ಷಾ ವರ್ಷಾ ಕೊಡೂದ."

ಇಷ್ಟಕ್ಕೇ ಮನೆಗೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಗೇಟಿನ ಹತ್ತಿರ ಗೋವಿನಜೋಳದ ಲಾರಿ ನಿಂತಿತ್ತು. ಕುದುರೆ ಸಾಕಿದವನು ಕುದುರೆ ಕಂಡರೆ ಬೆನ್ನು ಚಪ್ಪರಿಸದೆ ಹೋಗುತ್ತಾನೆಯೇ? ಮಹಾಂತಯ್ಯನವರು ಹೊಸ ಶಾಲು ಹುಲಗೇಶನ ಕೈಗೆ ಕೊಟ್ಟು, ತೋಳು ಮಡಚಿ, ಚೀಲದ ತಳಕ್ಕೆ ಕೈ ತೂರಿಸಿದರು. ಒಂದು ಕಾಳು ಕಡಿದರು. ಇನ್ನೊಂದು ಚೀಲದ್ದೊಂದು ಕಡಿದು ಉಗುಳಿದರು.

"ಇದು ಹಸಿ ಐತಿ. ಹದಿನೆಂಟಕ್ಕ ಕಡಿಮಿ ಇಲ್ಲ. ವಾಪಸ್ ಕಳಸ್ರಿ."

ತೇವ ಅಳೆಯುವ ಮಷೀನು ಹದಿನಾಲ್ಕು ತೋರಿಸಿದೆ ಎಂದು ಶಶಿಕುಮಾರ ಮೆಲ್ಲಗೆ ಹೇಳಿದ.

"ಮಷೀನಿಗೆ ಹಲ್ಲು ಅದಾವೇನು?" ಅಂದರು ಮಹಾಂತಯ್ಯನವರು.

ಬಾಯ್ಲರು ಹೊತ್ತಿಸಿದ ದಿನವೇ ಜಂಗಮರ ಮಾತು ಮೀರಿದರೆ ಮುಂದೇನಾದೀತೋ ಎಂದು ಹೆದರಿ ಶಶಿಕುಮಾರ ಲಾರಿಯನ್ನು ತಿರುಗಿಸಿ ಕಳಿಸಿದ. ಮಹಾಂತಯ್ಯನವರು ಶಾಲು ಹೊದ್ದು ಬಸ್ಸು ಹತ್ತಿದರು. ಅವರು ಹೋದ ಅರ್ಧ ತಾಸಿಗೆ ಮಠದ ಖರೇ ಜಂಗಮರು ಬೇರೊಂದು ಮನೆಯ ಪೂಜೆ ಮುಗಿಸಿ ತಡವಾಗಿ ಆಟೋದಲ್ಲಿ ಬಂದಿಳಿದರು. ಪೂಜೆ ಮುಗಿದಿದೆ, ಅಯ್ಯನವರು ಬಂದು ಹೋದರು ಎಂದು ಹುಲಗೇಶ ಅವರಿಗೆ ಒಂದು ಕಪ್ ಚಹಾ ಕುಡಿಸಿ ಹೊರಗಿನಿಂದಲೇ ಸಾಗಹಾಕಿದ.

ಓಣಿಗೆ ಬಂದ ಮಹಾಂತಯ್ಯನವರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಒಂದು ಅಕ್ಷರ ಸೇರಿಸಲಿಲ್ಲ. ಲಾಭಾಂಶ ಖಾತೆಗೆ ಬರುತ್ತದೆ, ಎಲೆ ಅಡಿಕೆಯಲ್ಲಿ ಸುತ್ತಿಕೊಂಡು ಬರುವುದಿಲ್ಲ, ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನು ಎಂದು ನಾನು ವಾದಿಸಿದೆ. ಅವರು ಶಾಲಿನ ಮಡಿಕೆ ಬಿಚ್ಚಿ ತೋರಿಸಿದರು. ಶಾಲಿನ ಮುಂದೆ ನನ್ನ ಮೂವತ್ತು ವರ್ಷ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ನಾನೂ ಐವತ್ತು ಷೇರು ತೆಗೆದುಕೊಂಡೆ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ವಿಚಾರ ಮಾಡಿದೆ.

ಅಂದಿನಿಂದ ಓಣಿಯಲ್ಲಿ ಮಹಾಂತಯ್ಯನವರಿಗೆ ಮಾಲಕರ ಪಟ್ಟವೇ ಆಯಿತು. ಮೂಲೆಯ ಗ್ಯಾರೇಜಿನ ಇಕ್ಬಾಲನಿಗಂತೂ ದೊಡ್ಡ ಅನುಕೂಲವಾಯಿತು. ಎಥೆನಾಲ್ ಬೆರೆಸಿದಾಗಿನಿಂದ ಗಾಡಿ ಮೈಲೇಜ್ ಕೊಡುವುದಿಲ್ಲ ಎಂದು ದಿನಾ ನಾಲ್ಕು ಜನ ಬಂದು ಅವನ ತಲೆ ತಿನ್ನುತ್ತಿದ್ದರು. ಈಗ ಅವನು ಬಂದವರಿಗೆಲ್ಲ ಮಹಾಂತಯ್ಯನವರ ಕಟ್ಟೆ ತೋರಿಸತೊಡಗಿದ. ಅವರೂ ಬೇಸರಿಸಲಿಲ್ಲ. ಒಂದು ನೋಟುಬುಕ್ಕಿನಲ್ಲಿ ಗಾಡಿಯ ನಂಬರು, ಎಷ್ಟು ಕಿಲೋಮೀಟರು ಕಡಿಮೆ ಎಂದು ಬರೆದುಕೊಂಡು, ಕಂಪನಿಯ ಪರವಾಗಿ ಕೈ ಮುಗಿದು ಕ್ಷಮೆ ಕೇಳಿ, ಚಹಾ ಕೊಟ್ಟು ಕಳಿಸುತ್ತಿದ್ದರು. ಆ ವಾರ ದಾಕ್ಷಾಯಿಣಿ ಅಕ್ಕನವರ ಸಕ್ಕರೆ ಡಬ್ಬಿ ಎರಡು ಸಲ ಖಾಲಿಯಾಯಿತು.

ಇಷ್ಟಾದರೂ ನಡೆಯುತ್ತಿತ್ತು. ಆದರೆ ಸಾವಕ್ಕ ಬಂದಳು.

ಸಾವಕ್ಕ ನಮ್ಮ ಹಿಂದಿನ ಓಣಿಯವಳು. ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ರೊಟ್ಟಿ ಮಾಡುವ ಮಷೀನು ತರಲೆಂದು ಮೂರು ವರ್ಷ ಕೂಡಿಸಿ ಇಪ್ಪತ್ತು ಸಾವಿರ ಮಾಡಿದ್ದಳು. ಅವಳು ಮಹಾಂತಯ್ಯನವರ ಎದುರು ನಿಂತು ಇದು ಖರೇನೇ ಎಂದು ಕೇಳಿದಳು. ಕಾಲು ತೊಳೆದದ್ದು ಖರೆ, ದುಡ್ಡು ಕೊಟ್ಟದ್ದು ಖರೆ ಎಂದು ಅವರು ಹೇಳಿದರು. ಷೇರು ಏರುತ್ತದೆ, ಇಳಿಯುತ್ತದೆ, ಇಡೀ ಗಂಟು ಹಾಕಬೇಡ ಎಂದು ನಾನು ನಡುವೆ ಬಾಯಿ ಹಾಕಿದೆ.

"ನಿಮ್ಮ ಮಾತ ಇರಲಿ ಪರಮೇಶಣ್ಣ," ಅಂದಳು. "ಅಯ್ಯಾರ ಒಂದ ಮಾತ ಸಾಕ ನಂಗ."

ಅಷ್ಟರಲ್ಲಿ ಷೇರು ನಲವತ್ನಾಲ್ಕಕ್ಕೆ ಏರಿತ್ತು. ಅವಳಿಗೆ ನಾನೂರಾ ಐವತ್ತು ಷೇರು ಬಂತು. ಇಪ್ಪತ್ತೈದಕ್ಕೆ ಐನೂರಾ ಒಂದಾದರೆ ನಾನೂರಾ ಐವತ್ತಕ್ಕೆ ಒಂಬತ್ತು ಸಾವಿರದ ಹದಿನೆಂಟು ಎಂದು ನಾನು ಪೆನ್ನು ತೆಗೆಯುವುದರೊಳಗೆ ಬಾಯಲ್ಲೇ ಲೆಕ್ಕ ಹೇಳಿದಳು. ವಾರ ಕಳೆಯುವುದರಲ್ಲಿ ಷೇರು ಮೂವತ್ತಾರಕ್ಕೆ ಕುಸಿಯಿತು. ಅವಳು ಮೊಬೈಲು ನೋಡುವವಳಲ್ಲ. ನಾನು ತಾಸಿಗೊಮ್ಮೆ ನೋಡಿ ತಾಸಿಗೊಮ್ಮೆ ನೀರು ಕುಡಿಯುತ್ತಿದ್ದೆ.

ಹದಿನೈದನೆಯ ದಿನ ತನ್ನ ಪಾಲು ತರಲು ಹೋಗೋಣವೆಂದು ಅವಳೇ ಹೊರಡಿಸಿದಳು. ನಾವು ಮೂವರೂ ಬಸ್ಸು ಹತ್ತಿದೆವು. ಸಾವಕ್ಕ ಇಳಕಲ್ಲ ಸೀರೆ ಉಟ್ಟಿದ್ದಳು. ಮೂರು ದಿನದಿಂದ ಹಿಮ್ಮಡಿಯ ಬಿರುಕುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಲ್ಲಿನಿಂದ ತಿಕ್ಕಿ, ಬೆಳಿಗ್ಗೆ ಅರಿಶಿಣ ಹಚ್ಚಿಕೊಂಡು ಬಂದಿದ್ದಳು. ಇದೇನೆಂದು ಕೇಳಿದೆ. "ದೊಡ್ಡ ಸಾಹೇಬ್ರು ಮುಟ್ಟತಾರ, ಅಸಯ್ಯ ಕಾಣಬಾರದಲ್ರಿ," ಅಂದಳು. ನನಗೆ ನಗಬೇಕೋ ಇಳಿದು ಓಡಬೇಕೋ ತಿಳಿಯಲಿಲ್ಲ.

ಗೇಟಿನಲ್ಲಿ ಮಠದ ಜಂಗಮರು ಛತ್ರಿ ಊರಿಕೊಂಡು ಕುರ್ಚಿಯ ಮೇಲೆ ಕೂತಿದ್ದರು. ಎದುರಿಗೆ ಶಶಿಕುಮಾರ ಕೈ ಕಟ್ಟಿ ಬೈಸಿಕೊಳ್ಳುತ್ತಿದ್ದ. ನಮ್ಮನ್ನು ನೋಡಿದ್ದೇ ಹುಲಗೇಶ, ಆವತ್ತಿನ ಅಜ್ಜಾರು ಬಂದರು ಎಂದು ಓಡಿ ಬಂದ. ಶಶಿಕುಮಾರನ ಮುಖ ಅರಳಿತು, ಜಂಗಮರ ಮುಖ ಕೆಂಪಾಯಿತು.

"ಯಾವ ಮಠದವರು ನೀವು?" ಎಂದು ಅವರು ಮಹಾಂತಯ್ಯನವರನ್ನು ಕೇಳಿದರು.

"ಮಠ ಅಲ್ರಿ, ಅಮರಗೋಳ ಮಾರ್ಕೆಟ್. ಇಲ್ಲೆ ನನ್ನವು ಇಪ್ಪತ್ತೈದು ಷೇರು ಅದಾವ."

ಶಶಿಕುಮಾರ ಬಾಯಿ ತೆರೆದ. "ಹಂಗಾರ ಬಾಯ್ಲರ್ ಪೂಜಾಕ್ಕ ಮಠದಿಂದ ಬಂದವರು ನೀವಲ್ಲೇನ್ರಿ?"

"ನೀವ ಹಚ್ಚರಿ ಅಂದ್ರಿ, ಹಚ್ಚಿದೆ."

ಒಳಗೆ ಬಾಯ್ಲರಿನ ಸದ್ದು ಕೇಳುತ್ತಿತ್ತು. ಮಹಾಂತಯ್ಯನವರು ಒಬ್ಬೊಬ್ಬರ ಮುಖವನ್ನೂ ನೋಡಿದರು, ತಟ್ಟೆ, ತಂಬಿಗೆ, ಶಾಲು, ದಕ್ಷಿಣೆ ಎಲ್ಲವೂ ಒಂದೊಂದಾಗಿ ಅವರಿಗೆ ತಿಳಿಯುತ್ತ ಬಂತು. ಅವರು ಧೋತರವನ್ನು ಕಾಲು ಮುಚ್ಚುವಂತೆ ಕೆಳಗೆ ಎಳೆದುಕೊಂಡರು. ಕಾಯಿದೆ ಹೇಳಿದವನು ನಾನು, ಮಾಲಕರು ಅಂದವನು ನಾನು.

ಅವರು ಶಶಿಕುಮಾರನನ್ನೂ ಜಂಗಮರನ್ನೂ ಬಿಟ್ಟು ಮೊದಲು ಸಾವಕ್ಕನ ಕಡೆ ತಿರುಗಿದರು.

"ತಂಗಿ, ನಾ ಹೇಳಿದ್ದು ಸುಳ್ಳಾತು. ಮೂವತ್ನಾಕು ವರ್ಷದಾಗ ನಾ ಛಲೋ ಅಂದ ಮಾಲು ಒಂದೂ ತಿರುಗಿ ಬಂದಿದ್ದಿಲ್ಲ. ಇದೊಂದು ಬಂತು. ನಿನ್ನ ಇಪ್ಪತ್ತು ಸಾವಿರ ನಾ ಕೊಡ್ತೇನಿ, ಆ ಷೇರು ನಾ ಇಟ್ಕೊಂತೇನಿ."

ಆಗ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗಲಿಲ್ಲ. ಷೇರು ಮೂವತ್ತಾರಕ್ಕೆ ಬಿದ್ದಿದೆ ಎಂದೆ. ಮೂರು ಸಾವಿರದ ಆರುನೂರು ಹೋಯಿತಲ್ಲ ಎಂದು ಸಾವಕ್ಕ ತಕ್ಷಣ ಹೇಳಿದಳು. ಇರಲಿ, ಕೊಡುವುದು ಪೂರಾ ಇಪ್ಪತ್ತು ಸಾವಿರವೇ ಎಂದು ಮಹಾಂತಯ್ಯನವರು ಅಂದರು. ಎಲ್ಲಿಂದ ಕೊಡುತ್ತಾರೆಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಹೆಗಲಿನ ಶಾಲು ತೆಗೆದು ಮಡಚಿ, ಜೇಬಿನಿಂದ ಒಂದು ಪೊಟ್ಟಣ ತೆಗೆದು, ಎರಡನ್ನೂ ಜಂಗಮರ ಮುಂದಿಟ್ಟು ನಮಸ್ಕಾರ ಮಾಡಿದರು. ಪೊಟ್ಟಣದಲ್ಲಿ ಅವೇ ಐನೂರಾ ಒಂದು ರೂಪಾಯಿ, ಅದೇ ಎಲೆ ಒಣಗಿ ಕರಕಲಾಗಿತ್ತು. ಕಂಪನಿಯ ಮೊದಲ ಲಾಭವೆಂದು ಅವರು ಅದನ್ನು ಖರ್ಚು ಮಾಡದೆ ಮನೆಯಲ್ಲಿ ದೇವರ ಜಗಲಿಯ ಮೇಲೆ ಇಟ್ಟಿದ್ದರು, ಈ ದಿನ ಶುಭವೆಂದು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಜಂಗಮರು ಪೊಟ್ಟಣ ತೆಗೆದುಕೊಳ್ಳಲೋ ಬಿಡಲೋ ಎಂದು ಛತ್ರಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ಅವರ ಪೇಚಾಟ ನೋಡಿ ಶಶಿಕುಮಾರ ಮುಂದೆ ಬಂದ. ಅಜ್ಜಾರ, ನನ್ನದೂ ಒಂದು ಮಾತು ಕೇಳಿ ಎಂದು ಶುರು ಮಾಡಿದ.

ಪೂಜೆಯ ಮರುದಿನ ಅದೇ ವ್ಯಾಪಾರಿಯ ಇನ್ನೊಂದು ಲಾರಿ ಬಂತಂತೆ. ಮಷೀನು ಮತ್ತೆ ಹದಿನಾಲ್ಕು ಅಂದಿತಂತೆ. ಮಷೀನಿಗೆ ಹಲ್ಲು ಇವೆಯೇ ಎಂಬ ಮಾತು ನೆನಪಾಗಿ, ಕಾಳನ್ನು ಬೇರೆ ಕಡೆ ಒಯ್ದು ಪರೀಕ್ಷೆ ಮಾಡಿಸಿದರೆ ಹದಿನೆಂಟರ ಮೇಲೆ. ಮಷೀನು ಕೆಟ್ಟು ತಿಂಗಳಾಗಿತ್ತು. ಗಾಬರಿಯಿಂದ ಒಳಗಿನ ಸಂಗ್ರಹ ತೆಗೆಸಿ ನೋಡಿದರೆ ತಳದ ಕಾಳು ಬಿಸಿಯಾಗಿ ಬೂಷ್ಟು ಹಿಡಿಯುತ್ತಿತ್ತು. ಆ ಕಾಳನ್ನು ಬೇರೆ ಮಾಡಿಸಿ ಉಳಿದದ್ದನ್ನು ಕಾಪಾಡಿದರಂತೆ.

"ಇನ್ನೊಂದು ವಾರ ಬಿಟ್ಟಿದ್ರ ಕಾರ್ಖಾನಿ ನಿಲ್ಲತಿತ್ರಿ," ಅಂದ. "ಸಣ್ಣ ಕಂಪನಿ, ತಾಳತಿದ್ದಿಲ್ಲ. ಕಾಳು ಕಡಿಯೋ ಅಯ್ಯಾರನ್ನ ಕಳಸ್ರಿ ಅಂತ ಮಠಕ್ಕ ಮೂರು ಸಲ ಹೋಗಿ ಬಂದೇನಿ. ಅದಕ್ಕ ಇವರಿಗೆ ಸಿಟ್ಟು."

ಜಂಗಮರು ಬೇರೆ ಕಡೆ ನೋಡಿದರು. ಶಶಿಕುಮಾರ ಅಲ್ಲಿಯೇ ಕೆಲಸದ ಮಾತು ತೆಗೆದ: ದಿನಾ ಒಂಬತ್ತರಿಂದ ಒಂದರವರೆಗೆ ಗೇಟಿನಲ್ಲಿ ಕೂತು ಬಂದ ಲಾರಿ ನೋಡಿಕೊಡಬೇಕು, ತಿಂಗಳಿಗೆ ಪಗಾರ. ಪಗಾರವೆಷ್ಟೆಂದು ಮಹಾಂತಯ್ಯನವರು ಕೇಳಲೇ ಇಲ್ಲ. ಎಷ್ಟಿದ್ದರೂ ಮೊದಲು ಇಪ್ಪತ್ತು ಸಾವಿರ ತುಂಬುವವರೆಗೆ ಸಾವಕ್ಕನ ಕೈಗೆ ಕೊಡಬೇಕು ಎಂದರು.

ಸಾವಕ್ಕ ಅಷ್ಟು ಹೊತ್ತು ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು.

"ನಂಗ ಬ್ಯಾಡ," ಅಂದಳು. "ನೀವು ಇಲ್ಲೆ ಗೇಟಿನ್ಯಾಗ ಕುಂದರತೀರಿ ಅಂದಮ್ಯಾಲ ನಾ ಯಾಕ ಷೇರು ಬಿಡ್ಲಿ? ಮಷೀನು ಮುಂದ ಯಾವಾಗರ ತಗೊಂಡ್ರಾತು. ಅಲ್ಲೀತನಕಾ ನನ್ನ ಕೈ ಅದಾವಲ್ಲ."

ಇಷ್ಟು ಹೇಳಿ ಗೇಟಿನ ನಳದ ಹತ್ತಿರ ಹೋಗಿ, ಮೂರು ದಿನ ತಿಕ್ಕಿದ ಕಾಲುಗಳನ್ನು ತಾನೇ ತೊಳೆದುಕೊಂಡಳು. ನೀರು ಕಾರ್ಖಾನೆಯದೇ ಅಲ್ಲವೇ, ಸಾಕು ಎಂದಳು. ನಾವು ಹೊರಡುವಾಗ ಜಂಗಮರು ನನ್ನನ್ನು ಛತ್ರಿಯ ಮರೆಗೆ ಕರೆದು, ಷೇರು ಇಳಿದಿದೆಯೆಂದರೆ ಈಗಲೇ ತೆಗೆದುಕೊಳ್ಳಬೇಕಲ್ಲವೇ ಎಂದು ವಿಚಾರಿಸಿದರು. ನಾನು ಮಾತ್ರ ಈ ಸಲ ಗೊತ್ತಿಲ್ಲ ಅಂದೆ. ನಿವೃತ್ತನಾದ ಮೇಲೆ ನಾನಾಡಿದ ಮೊದಲ ಖರೇ ಮಾತು ಅದು.

ಈಗ ಎರಡು ತಿಂಗಳಾಯಿತು. ಷೇರು ಮೂವತ್ತೊಂಬತ್ತಕ್ಕೆ ಬಂದಿದೆ, ನಲವತ್ನಾಲ್ಕು ಇನ್ನೂ ದೂರವಿದೆ. ಸಾವಕ್ಕ ಕೇಳುವುದಿಲ್ಲ, ನನ್ನ ಐವತ್ತನ್ನು ನಾನೂ ಮಾರಿಲ್ಲ. ದಾಕ್ಷಾಯಿಣಿ ಅಕ್ಕನವರು ಕೊಟ್ಟ ಬುತ್ತಿ ತೆಗೆದುಕೊಂಡು ಮೊನ್ನೆ ಕಾರ್ಖಾನೆಗೆ ಹೋಗಿದ್ದೆ. ಒಂದು ಗಂಟೆಯಾಗಿತ್ತು. ಮಹಾಂತಯ್ಯನವರು ಕೊನೆಯ ಲಾರಿ ನೋಡಿ ಮುಗಿಸಿ ಕಲ್ಲಿನ ಮೇಲೆ ಕೂತಿದ್ದರು. ಮೊಣಕಾಲುಮಟ ಕಾಳಿನ ಧೂಳು ಮೆತ್ತಿಕೊಂಡಿತ್ತು. ಹುಲಗೇಶ ತಂಬಿಗೆಯಲ್ಲಿ ನೀರು ತಂದ. ಆ ದಾರಿಯಲ್ಲಿ ಹೊರಟಿದ್ದ ಶಶಿಕುಮಾರ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬಗ್ಗಿದ. ಮಹಾಂತಯ್ಯನವರು ಗಾಬರಿಯಾಗಿ ಕಾಲು ಹಿಂದೆಳೆದುಕೊಂಡರು.

"ಬಿಡ್ರಿ ಸಾಹೇಬ್ರ, ನಾ ಮಠದವ ಅಲ್ಲ ಅಂತ ಆವತ್ತ ಹೇಳೇನಲ್ಲ."

"ಗೊತ್ತೈತ್ರಿ," ಎಂದು ಶಶಿಕುಮಾರ ನೀರು ಹಾಕಿದ.